ಇನ್ನೊಂದು ಮಹಾಮಾರಿ ಬಂದರೆ ನಮ್ಮ ವಾರ್ಡಿನಲ್ಲಿ ಮೊದಲ ಹತ್ತು ದಿನ ಏನಾಗಬೇಕು? ಕಾಸರಗೋಡಿನವರು ಹೇಳಿ

ಅಣಂಗೂರು ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ಅಣಂಗೂರಿನವಳು, ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರ್. ನಮ್ಮ ವಾರ್ಡಿನ ಆರೋಗ್ಯ ಸಮಿತಿಯಲ್ಲಿ ನಾನೂ ಇದ್ದೇನೆ. ಕಳೆದ ಸಭೆಯಲ್ಲಿ ಒಂದು ಕೆಲಸ ನನ್ನ ಪಾಲಿಗೆ ಬಂತು. ಕೋವಿಡ್‌ನಂಥದ್ದು ಇನ್ನೊಂದು ಬಂದರೆ ಮೊದಲ ಹತ್ತು ದಿನ ವಾರ್ಡಿನಲ್ಲಿ ಯಾರು ಏನು ಮಾಡಬೇಕು ಅಂತ ಎರಡು ಪುಟ ಬರೆಯಬೇಕು. ಅದನ್ನು ಮಲಯಾಳದಲ್ಲೂ ಕನ್ನಡದಲ್ಲೂ ಅಚ್ಚು ಹಾಕಿಸಿ ಮನೆಮನೆಗೆ ಕೊಡುವ ಯೋಚನೆ.

ಮಾದರಿ ಅಂತ ಒಂದು ಪ್ರತಿ ಕೊಟ್ಟಿದ್ದಾರೆ. ಅದರಲ್ಲಿ ತಪ್ಪೇನಿಲ್ಲ, ಆದರೆ ಕಾಸರಗೋಡು ಅನ್ನುವ ಹೆಸರು ತೆಗೆದು ಆಲಪ್ಪುಳ ಅಂತ ಹಾಕಿದರೂ ನಡೆಯುತ್ತದೆ. ನಮ್ಮ ಊರಿನ ಕಥೆ ಹಾಗಲ್ಲ ಅಲ್ವಾ? ದೇಶದ ಮೂರನೇ ಕೋವಿಡ್ ಕೇಸು ಸಿಕ್ಕಿದ್ದು ನಮ್ಮ ಜಿಲ್ಲೆಯಲ್ಲಿ, 2020ರ ಫೆಬ್ರವರಿ 3ರಂದು, ವುಹಾನ್‌ನಿಂದ ಬಂದ ವಿದ್ಯಾರ್ಥಿಗೆ. ಮಾರ್ಚ್ ಮುಗಿಯುವಾಗ ಇಡೀ ದೇಶ ಕಾಸರಗೋಡಿನ ಹೆಸರು ಹೇಳುತ್ತಿತ್ತು. ಗಲ್ಫಿನಿಂದ ಬಂದವರು, ಅವರ ಮನೆಯವರು, ಅವರು ಹೋದ ಮದುವೆಮನೆಯವರು, ಎಲ್ಲರನ್ನೂ ಹುಡುಕಿ 28 ದಿನ ಒಳಗೆ ಕೂರಿಸಿದರು. ಒಂದು ಕಡೆ ಮಂಗಳೂರಿಗೆ ಹೋಗುವ ದಾರಿಯ ತಲಪಾಡಿ ಗಡಿ ಮುಚ್ಚಿತು, ಇನ್ನೊಂದು ಕಡೆ ನಮ್ಮಲ್ಲಿ ದೊಡ್ಡ ಆಸ್ಪತ್ರೆ ಇಲ್ಲ. ಆ ಮಾದರಿ ಪ್ರತಿಯಲ್ಲಿ ಗಡಿ ಅನ್ನುವ ಶಬ್ದ ಒಂದು ಸಲವೂ ಇಲ್ಲ.

ಇನ್ನೊಂದು ವಿಷಯ ಹೇಳಬೇಕು. ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಕನ್ನಡ ಚೆನ್ನಾಗಿ ಓದುತ್ತಾರೆ, ದಿನಾ ಪೇಪರ್ ಬೇಕು. ಮಲಯಾಳ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಮಗ ದುಬೈಯಿಂದ ಬಂದ ಎರಡನೇ ದಿನ ಯಾರೋ ಬಂದು ಗೇಟಿಗೆ ಒಂದು ಕಾಗದ ಅಂಟಿಸಿ ಹೋದರು. ಎಲ್ಲ ಮಲಯಾಳದಲ್ಲಿ, ಕೆಳಗೆ ಕೆಂಪು ಸೀಲು. ಅಜ್ಜಿ ಅದನ್ನು ಬ್ಯಾಂಕಿನ ಜಪ್ತಿ ನೋಟೀಸು ಅಂದುಕೊಂಡರು. ಮಗನಿಗೆ ಹೇಳಲಿಲ್ಲ, ಅವನ ಸಾಲದ ವಿಷಯ ಇರಬೇಕು ಅಂತ ಸಂಕಟಪಟ್ಟು ಎರಡು ದಿನ ಊಟ ಮಾಡಲಿಲ್ಲ. ಕೊನೆಗೆ ನಾನು ಕಾಂಪೌಂಡಿನ ಈಚೆಯಿಂದ ಓದಿ ಹೇಳಿದೆ: ಮನೆಯಿಂದ ಹೊರಗೆ ಬರಬೇಡಿ, ಏನಾದರೂ ಬೇಕಾದರೆ ಈ ನಂಬರಿಗೆ ಫೋನ್ ಮಾಡಿ ಅಂತ ಇತ್ತು, ಅಷ್ಟೇ. ಸಹಾಯದ ನಂಬರು ಗೇಟಿನಲ್ಲೇ ಇದ್ದು ಅವರಿಗೆ ಸಿಗಲಿಲ್ಲ. ಆಮೇಲೆ ‘ಮಾಷ್’ ಯೋಜನೆಯಲ್ಲಿ ನಮ್ಮನ್ನೇ, ಟೀಚರ್‌ಗಳನ್ನೇ, ವಾರ್ಡಿಗೆ ಹಾಕಿದಾಗ ನಾನು ಮೊದಲು ಮಾಡಿದ ಕೆಲಸ ಅಂದರೆ ಅಂಥ ಕಾಗದಗಳನ್ನು ಕೈಯಲ್ಲೇ ಕನ್ನಡದಲ್ಲಿ ಬರೆದು ಹಂಚಿದ್ದು.

ಅದಕ್ಕೇ ಈ ಎರಡು ಪುಟ ಸುಮ್ನೆ ಬರೆದು ಕೊಡಲು ಮನಸ್ಸಿಲ್ಲ. ಆಗ ಕೆಲಸ ಮಾಡಿದವರು, ಕಷ್ಟಪಟ್ಟವರು ಇಲ್ಲಿ ತುಂಬ ಜನ ಇದ್ದೀರಿ. ಯಾವುದು ಮೊದಲೇ ಗೊತ್ತುಮಾಡಿ ಇಟ್ಟಿದ್ದರೆ ಒಳ್ಳೆಯದಿತ್ತು ಅಂತ ನಿಮಗೆ ಈಗ ಅನ್ನಿಸುತ್ತದೆ? ದೊಡ್ಡ ಮಾತು ಬೇಡ, ಕೈಗೆ ಸಿಗುವಂಥದ್ದು ಹೇಳಿ.


ಉಪ್ಪಳ ಆಂಬುಲೆನ್ಸ್:

ಟೀಚರೇ, ಗಡಿ ವಿಷಯ ಮೊದಲ ಸಾಲಿಗೇ ಹಾಕಿ. ನಾನು ಉಪ್ಪಳದಲ್ಲಿ ಆಂಬುಲೆನ್ಸ್ ಓಡಿಸುತ್ತೇನೆ. ನಮಗೆ ಆಸ್ಪತ್ರೆ ಅಂದರೆ ಮಂಗಳೂರು. ಮಂಜೇಶ್ವರ, ವರ್ಕಾಡಿ, ಮೀಂಜ, ಪೈವಳಿಕೆ ಎಲ್ಲರಿಗೂ ಹಾಗೆಯೇ. ಹೆರಿಗೆ, ಹಾರ್ಟು, ಡಯಾಲಿಸಿಸ್, ತಲೆಗೆ ಪೆಟ್ಟು, ಏನೇ ಆದರೂ ಗಾಡಿ ಬಡಗು ಮುಖ ಮಾಡಿಯೇ ಹೊರಡುವುದು.

2020ರ ಮಾರ್ಚಿನಲ್ಲಿ ಗಡಿಯ ಒಳದಾರಿಗಳಲ್ಲಿ ಕೆಂಪು ಮಣ್ಣು ತಂದು ಸುರಿದರು, ತಲಪಾಡಿಯಲ್ಲಿ ಬ್ಯಾರಿಕೇಡ್. ನನ್ನ ಗಾಡಿಯಲ್ಲಿ ಒಬ್ಬರು ಅಮ್ಮ ಇದ್ದರು, ವಾರಕ್ಕೆ ಎರಡು ಸಲ ಡಯಾಲಿಸಿಸ್. ಆರು ವರ್ಷದಿಂದ ಅದೇ ಆಸ್ಪತ್ರೆಗೆ ಹೋಗುತ್ತಿದ್ದವರು. ಅವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್, ಅದರೊಳಗೆ ಫೈಲು, ಒಂದು ಬೆಡ್‌ಶೀಟು, ಬಿಸ್ಕೆಟ್ ಪ್ಯಾಕೆಟ್. ಮುಕ್ಕಾಲು ಗಂಟೆ ನಿಂತೆವು. ಕಾಲು ಆಗಲೇ ಊದಿತ್ತು, ಚಪ್ಪಲಿ ಹಿಡಿಸುತ್ತಿರಲಿಲ್ಲ. ವಾಪಸ್ ಕರೆದುಕೊಂಡು ಬಂದೆ. ಆಮೇಲೆ ಜಿಲ್ಲೆಯ ಒಳಗೇ ಒಂದು ಕಡೆ ಜಾಗ ಸಿಕ್ಕಿತು, ಆದರೆ ನಾಲ್ಕು ದಿನ ತಡವಾಗಿ. ಅವರು ಉಳಿದರು. ಆ ದಿನಗಳಲ್ಲಿ ದಾರಿಯಲ್ಲೇ ತೀರಿಹೋದವರೂ ಇದ್ದಾರೆ, ಎಲ್ಲರಿಗೂ ಗೊತ್ತಿರುವ ವಿಷಯ. ಏಪ್ರಿಲ್ 1ಕ್ಕೆ ಕೇರಳ ಹೈಕೋರ್ಟಿನ ಆದೇಶ ಬಂತು, ಸುಪ್ರೀಂ ಕೋರ್ಟಿನವರೆಗೆ ಹೋಯಿತು, 7ರ ಹೊತ್ತಿಗೆ ತಲಪಾಡಿಯಲ್ಲಿ ಡಾಕ್ಟರ್ ಚೀಟಿ ನೋಡಿ ರೋಗಿಗಳನ್ನು ಬಿಡುವ ಒಂದು ವ್ಯವಸ್ಥೆ ಆಯಿತು. ಅಷ್ಟರಲ್ಲಿ ಎರಡು ವಾರ ಕಳೆದಿತ್ತು. ಡಯಾಲಿಸಿಸ್‌ನವರಿಗೆ ಎರಡು ವಾರ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ನಿಮ್ಮ ಪುಟದಲ್ಲಿ ಹಾಕಬೇಕಾದ್ದು ಇದು. ವಾರ್ಡಿನಲ್ಲಿ ಮಂಗಳೂರಿಗೆ ಕಡ್ಡಾಯ ಹೋಗಲೇಬೇಕಾದವರು ಯಾರ್ಯಾರು, ವಾರಕ್ಕೆ ಎಷ್ಟು ಸಲ, ಯಾವ ಮದ್ದು, ಮುಂದಿನ ತಾರೀಕು ಯಾವಾಗ. ಈಗಲೇ ಪಟ್ಟಿ ಮಾಡಿ. ಪ್ರತಿಯೊಬ್ಬರಿಗೂ ಎರಡನೇ ಆಸ್ಪತ್ರೆ ಯಾವುದು ಅಂತ ಈಗಲೇ ಗೊತ್ತುಮಾಡಿ, ಬರೀ ಹೆಸರು ಬರೆದರೆ ಸಾಲದು, ಅಲ್ಲಿ ಒಂದು ಸಲ ಹೋಗಿ ಫೈಲು ಮಾಡಿಸಿ ಬರಬೇಕು. ಹೊಸ ರೋಗಿಗೆ ಆಸ್ಪತ್ರೆಯವರು ಜಾಗ ಇಲ್ಲ ಅನ್ನುತ್ತಾರೆ, ಫೈಲು ಇದ್ದವರಿಗೆ ಅಷ್ಟು ಸುಲಭವಾಗಿ ಅನ್ನುವುದಿಲ್ಲ. ಇದು ನಾನು ಕಣ್ಣಾರೆ ಕಂಡದ್ದು.

ಮತ್ತೆ ಒಂದು ಕವರ್. ಪ್ರತಿ ರೋಗಿಯ ಮನೆಯಲ್ಲಿ ಬಾಗಿಲ ಹತ್ತಿರ ಒಂದು ಕವರ್ ತೂಗುಹಾಕಿ. ಡಾಕ್ಟರ್ ಚೀಟಿ, ಆಧಾರ್ ಜೆರಾಕ್ಸ್, ರೇಶನ್ ಕಾರ್ಡ್ ಜೆರಾಕ್ಸ್, ಮದ್ದಿನ ಪಟ್ಟಿ, ರಕ್ತದ ಗುಂಪು, ಇಬ್ಬರ ಫೋನ್ ನಂಬರು. ರಾತ್ರಿ ಎರಡು ಗಂಟೆಗೆ ಹೋದಾಗ ಕಪಾಟು ಹುಡುಕುತ್ತಾ ಇಪ್ಪತ್ತು ನಿಮಿಷ ಕಳೆಯುತ್ತಾರೆ, ಎಷ್ಟು ಮನೆಯಲ್ಲಿ ನೋಡಿದ್ದೇನೆ.


ಕಡಲತಡಿ:

ಇದೆಲ್ಲ ಸರಕಾರ ಮಾಡಬೇಕಾದ ಕೆಲಸ ಅಲ್ವಾ? ವಾರ್ಡಿನವರು ಎರಡು ಪುಟ ಬರೆದರೆ ತಲಪಾಡಿ ತೆರೆಯುತ್ತದಾ?


ಪುತ್ತಿಗೆ ಆಶಾ:

ತೆರೆಯುವುದಿಲ್ಲ ಅಣ್ಣ. ಆದರೆ ತಲಪಾಡಿ ಮುಚ್ಚಿದ ದಿನ ಬೆಳಿಗ್ಗೆ ಯಾರ ಮನೆಗೆ ಮೊದಲು ಹೋಗಬೇಕು ಅಂತ ಗೊತ್ತಿರುತ್ತದೆ. ಅದು ದೊಡ್ಡದು.

ಟೀಚರೇ, ನಾನು ಆಶಾ ಕಾರ್ಯಕರ್ತೆ. ಸಾವಿರ ಜನಕ್ಕೆ ಒಬ್ಬರು ಅನ್ನುವುದು ಲೆಕ್ಕ. ಗುಡ್ಡೆ, ಬೈಲು, ತೋಟದ ನಡುವಿನ ಮನೆಗಳು, ಒಂದು ಮನೆಯಿಂದ ಇನ್ನೊಂದಕ್ಕೆ ಕಾಲು ಗಂಟೆ. ಆಗ ನನ್ನ ಹತ್ತಿರ ಒಂದು ಇನ್ನೂರು ಪುಟದ ನೋಟ್ ಪುಸ್ತಕ ಇತ್ತು, ಶಾಲೆ ಮಕ್ಕಳ ರೂಲ್ ಹಾಕಿದ್ದು. ಮೇಲಿನವರು ಕೊಟ್ಟ ಫಾರಂ ಬೇರೆ, ಅದರಲ್ಲಿ ಹೆಸರು, ವಯಸ್ಸು, ಎಲ್ಲಿಂದ ಬಂದರು, ಯಾವ ದಿನ ಅಂತ ಇತ್ತು. ಫಾರಂ ತುಂಬಿ ಕೊಟ್ಟೆ. ಆದರೆ ಕೆಲಸ ನಡೆದದ್ದು ನನ್ನ ಪುಸ್ತಕದಿಂದ. ಅದರಲ್ಲಿ ನಾನೇ ಹಾಕಿಕೊಂಡ ಕಾಲಂಗಳು ಇದ್ದವು. ಮನೆಯಲ್ಲಿ ಎಷ್ಟು ಕೋಣೆ, ಬಾತ್‌ರೂಮ್ ಒಂದೋ ಎರಡೋ. ಬಾವಿ ಸ್ವಂತದ್ದೋ ಪಕ್ಕದವರ ಜೊತೆ ಸೇರಿದ್ದೋ. ಯಾವ ಭಾಷೆಯಲ್ಲಿ ಹೇಳಿದರೆ ಗೊತ್ತಾಗುತ್ತದೆ. ದನ ಇದ್ದರೆ ಹಾಲು ಕರೆಯುವವರು ಯಾರು, ಡಿಪೋಕ್ಕೆ ಒಯ್ಯುವವರು ಯಾರು. ಕುಡಿಯುವವರು ಇದ್ದಾರಾ ಅಂತಲೂ ಒಂದು ಗುರುತು ಹಾಕುತ್ತಿದ್ದೆ, ಯಾಕೆಂದರೆ ಮದ್ಯ ಸಿಗದೆ ಹೋದಾಗ ಕೈನಡುಕ, ಭ್ರಮೆ ಬಂದು ಕೆಲವರು ಜ್ವರಕ್ಕಿಂತ ಜಾಸ್ತಿ ಅಪಾಯಕ್ಕೆ ಹೋದರು. ಈ ಕೊನೆಯದ್ದನ್ನು ಯಾರಿಗೂ ತೋರಿಸುತ್ತಿರಲಿಲ್ಲ, ಈಗಲೂ ತೋರಿಸುವುದಿಲ್ಲ.

ಬಾತ್‌ರೂಮಿನ ವಿಷಯ ನೋಡಿ. ಒಂದು ಕೋಣೆ ಬಿಟ್ಟುಕೊಡಿ, ಬೇರೆ ಬಾತ್‌ರೂಮ್ ಬಳಸಿ ಅಂತ ಹೇಳುವುದು ಸುಲಭ. ಹದಿಮೂರು ಮನೆಯ ಒಂದು ಕಾಲೊನಿಯಲ್ಲಿ ಎರಡು ಬಾತ್‌ರೂಮ್ ಇದ್ದ ಮನೆ ಒಂದೇ ಒಂದು. ಅಲ್ಲಿ ಮನೆಯಲ್ಲೇ ಇರಿ ಅಂತ ಹೇಳಿದರೆ ಅಷ್ಟೂ ಜನಕ್ಕೆ ಬರಲಿ ಅಂದ ಹಾಗೆ. ಅವರಿಗೆ ಮೊದಲ ದಿನವೇ ಹೊರಗೆ ಜಾಗ ಬೇಕು, ಶಾಲೆಯೋ ಹಾಲೋ. ಆಮೇಲೆ ಡಿಸಿಸಿ ಅಂತ ಮಾಡಿದರಲ್ಲ, ಮನೆಯಲ್ಲಿ ಜಾಗ ಇಲ್ಲದವರಿಗೆ, ಅದು ಮೊದಲೇ ಬೇಕಿತ್ತು. ನಿಮ್ಮ ವಾರ್ಡಿನಲ್ಲಿ ಯಾವ ಕಟ್ಟಡ, ಬೀಗದಕೈ ಯಾರ ಹತ್ತಿರ, ನೀರಿನ ಟ್ಯಾಂಕಿ ಸೋರುತ್ತದಾ, ಹೆಂಗಸರಿಗೆ ಬೇರೆ ಕಡೆ ಉಂಟಾ, ಇದನ್ನು ಈಗಲೇ ಹೋಗಿ ನೋಡಿ ಬರೆಯಿರಿ.

ಇನ್ನೊಂದು, ಬ್ಲೀಚಿಂಗ್ ಪೌಡರ್. ಎಲ್ಲರೂ ಮನಸ್ಸಿಗೆ ಬಂದಷ್ಟು ಹಾಕುತ್ತಿದ್ದರು, ಕೆಲವರ ಕೈ ಸುಟ್ಟುಹೋಯಿತು. ಒಂದು ಲೀಟರ್ ನೀರಿಗೆ 30 ಗ್ರಾಂ, ಅಂದರೆ ಆರು ಟೀ ಚಮಚ. ಮೊದಲು ಸ್ವಲ್ಪ ನೀರಲ್ಲಿ ಪೇಸ್ಟ್ ಮಾಡಿ, ಉಳಿದ ನೀರು ಸೇರಿಸಿ, ಹತ್ತು ನಿಮಿಷ ಬಿಟ್ಟು ಮೇಲಿನ ತಿಳಿ ಮಾತ್ರ ತೆಗೆಯಬೇಕು. ಅಡಿಯ ಸುಣ್ಣ ಬೇಡ. ಇದು ನೆಲ ಒರೆಸಲು, ಮೈಗೆ ಹಾಕಲು ಅಲ್ಲ. ಡೆಟಾಲೋ ಆಸಿಡ್ಡೋ ಜೊತೆಗೆ ಬೆರೆಸಬಾರದು. ಇಷ್ಟನ್ನು ದೊಡ್ಡ ಅಕ್ಷರದಲ್ಲಿ ಹಾಕಿ.

ಕೊನೆಗೆ ನಮ್ಮ ವಿಷಯವೂ ಬರೆಯಿರಿ ಟೀಚರೇ. ಮೊದಲ ಎರಡು ವಾರ ನನಗೆ ಸಿಕ್ಕಿದ್ದು ಬಟ್ಟೆ ಮಾಸ್ಕು, ಅದೂ ಕುಟುಂಬಶ್ರೀ ಮಹಿಳಾ ಗುಂಪಿನವರು ಹೊಲಿದದ್ದು. ನನ್ನ ಮಗಳಿಗೆ ಆಗ ನಾಲ್ಕು ವರ್ಷ. ಸಂಜೆ ಬಂದು ಹಿತ್ತಿಲಲ್ಲಿ ಸ್ನಾನ ಮಾಡಿ ಒಳಗೆ ಹೋಗುವವರೆಗೆ ಅವಳು ಕಿಟಕಿ ಸರಳು ಹಿಡಿದು ಅಳುತ್ತಿದ್ದಳು. 2025ರಲ್ಲಿ ತಿರುವನಂತಪುರದ ಸೆಕ್ರೆಟರಿಯೇಟ್ ಎದುರು ಆಶಾದವರು ಗೌರವಧನ ಜಾಸ್ತಿ ಮಾಡಿ ಅಂತ ತಿಂಗಳುಗಟ್ಟಲೆ ಕೂತದ್ದು ಸುಮ್ನೆ ಅಲ್ಲ. ಮನೆಮನೆಗೆ ಹೋಗುವವರಿಗೆ ಮೊದಲ ದಿನವೇ ಏನು ಸಿಗುತ್ತದೆ ಅನ್ನುವ ಒಂದು ಸಾಲು ಇಲ್ಲದೆ ಯಾವ ಯೋಜನೆಗೂ ಸಹಿ ಹಾಕಬೇಡಿ.


ನಿವೃತ್ತ ಗುಮಾಸ್ತ, ಕುಂಬಳೆ:

ನಾನು ಪಂಚಾಯತು, ಮುನಿಸಿಪಾಲಿಟಿ ಎರಡರಲ್ಲೂ ಕೆಲಸ ಮಾಡಿದವನು. ಟೀಚರಮ್ಮಾ, ಹೊಸದಾಗಿ ಬರೆಯುವ ಮೊದಲು ಹಳೆಯದ್ದನ್ನು ಕೇಳಿ ತೆಗೆದುಕೊಳ್ಳಿ. 2020ರಲ್ಲಿ ‘ನಮ್ಮಳ್ ನಮುಕ್ಕಾಯಿ’ ಅಂತ ರಾಜ್ಯದಲ್ಲಿ ಎಲ್ಲ ಸ್ಥಳೀಯ ಸಂಸ್ಥೆಗಳೂ ದುರಂತ ನಿರ್ವಹಣೆಯ ಯೋಜನೆ ಬರೆದವು. ನಿಮ್ಮ ನಗರಸಭೆಯಲ್ಲೂ ಕೇಳಿ ನೋಡಿ. ಅದಕ್ಕೆ ಸೇರಿಸುವ ಪುಟ ಅಂತ ಕೊಟ್ಟರೆ ಅದಕ್ಕೆ ಬೆಲೆ ಬರುತ್ತದೆ, ಬೇರೆ ಕಾಗದ ಅಂತ ಕೊಟ್ಟರೆ ಯಾವುದಾದರೂ ಫೈಲಿನಲ್ಲಿ ಕೂರುತ್ತದೆ. ನನ್ನ ಇಷ್ಟು ವರ್ಷದ ಅನುಭವ ಅದು.

ಯಾರಿಗೆ ಯಾವ ಅಧಿಕಾರ ಅಂತಲೂ ಗೊತ್ತಿರಲಿ. ರಸ್ತೆ ಮುಚ್ಚುವುದು, ತೆರೆಯುವುದು, ಕಟ್ಟಡ ವಶಕ್ಕೆ ತೆಗೆದುಕೊಳ್ಳುವುದು ವಾರ್ಡಿನ ಕೈಯಲ್ಲಿಲ್ಲ. 2005ರ ದುರಂತ ನಿರ್ವಹಣಾ ಕಾಯ್ದೆ ಪ್ರಕಾರ ಜಿಲ್ಲಾ ಪ್ರಾಧಿಕಾರ ಇದೆ, ಕಲೆಕ್ಟರ್ ಅದರ ಅಧ್ಯಕ್ಷರು. ಉಪ್ಪಳದವರು ಹೇಳಿದ ರೋಗಿಗಳ ಪಟ್ಟಿ ಅಲ್ಲಿಗೆ ತಲುಪಬೇಕು. ಹೆಸರು ಬೇಡ, ಎಷ್ಟು ಜನ ಡಯಾಲಿಸಿಸ್, ಎಷ್ಟು ಜನ ಕ್ಯಾನ್ಸರ್, ಎಷ್ಟು ಬಸುರಿಯರು, ಯಾವ ಆಸ್ಪತ್ರೆ, ಇಷ್ಟು ಸಂಖ್ಯೆ ಸಾಕು. ಎಲ್ಲ ವಾರ್ಡಿನಿಂದಲೂ ಸಂಖ್ಯೆ ಬಂದರೆ ಆಚೆ ಜಿಲ್ಲೆಯವರ ಜೊತೆ ಮಾತಾಡುವಾಗ ಮೇಜಿನ ಮೇಲೆ ಇಡಲು ಏನಾದರೂ ಇರುತ್ತದೆ. 2020ರಲ್ಲಿ ಇದ್ದದ್ದು ಗೋಳು ಮಾತ್ರ, ಲೆಕ್ಕ ಇರಲಿಲ್ಲ.

ಕನ್ನಡದ ವಿಷಯ. ಇದು ದಯೆ ಕೇಳುವ ಸಂಗತಿ ಅಲ್ಲ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲೇ ಕನ್ನಡ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರಕಾರದ ಜೊತೆ ವ್ಯವಹರಿಸಬಹುದು ಅಂತ ಇದೆ. ಜ್ವರದ ನೋಟೀಸು ಅದಕ್ಕಿಂತ ಮುಖ್ಯ. ಹತ್ತು ನೋಟೀಸುಗಳ ಕನ್ನಡ ರೂಪ ಈಗಲೇ ಸಿದ್ಧ ಮಾಡಿ, ತಾರೀಕು ಮತ್ತು ನಂಬರಿನ ಜಾಗ ಖಾಲಿ ಬಿಟ್ಟು. ಆ ಹೊತ್ತಿಗೆ ಅನುವಾದ ಮಾಡಲು ಯಾರಿಗೂ ಬಿಡುವು ಇರುವುದಿಲ್ಲ.


ವೆಲ್ಡಿಂಗ್ ಶಾಪ್, ಚೆರ್ಕಳ:

ಆಕ್ಸಿಜನ್ ವಿಷಯ ಯಾರೂ ಹೇಳಲಿಲ್ಲ, ಹಾಗಾಗಿ ನಾನು ಹೇಳುತ್ತೇನೆ. 2021ರ ಮೇ ತಿಂಗಳು ನೆನಪಿದೆಯಾ? ನಮ್ಮ ಜಿಲ್ಲೆಗೆ ಸಿಲಿಂಡರ್ ಮಂಗಳೂರಿನಿಂದ ಬರುತ್ತಿತ್ತು, ಅದು ನಿಂತಿತು. ಯಾರ ಹತ್ತಿರ ಸಿಲಿಂಡರ್ ಇದೆಯೋ ಕೊಡಿ ಅಂತ ಜಿಲ್ಲೆಯಲ್ಲಿ ಜನರನ್ನೇ ಕೇಳಬೇಕಾಯಿತು. ನನ್ನ ಅಂಗಡಿಯಲ್ಲಿ ನಾಲ್ಕು ಜಂಬೋ ಇದ್ದವು, ಗ್ಯಾಸ್ ಕಟಿಂಗ್‌ಗೆ ಇಟ್ಟದ್ದು. ನಾಲ್ಕನ್ನೂ ಪಿಕಪ್‌ಗೆ ಹಾಕಿ ಕೊಟ್ಟೆ. ಆಮೇಲೆ ಚಟ್ಟಂಚಾಲಿನಲ್ಲಿ ಜಿಲ್ಲೆಯದ್ದೇ ಆಕ್ಸಿಜನ್ ಪ್ಲಾಂಟು ಬಂತು.

ಇದರ ಲೆಕ್ಕ ಎಲ್ಲರಿಗೂ ಗೊತ್ತಿರಬೇಕು. ಜಂಬೋ ಸಿಲಿಂಡರಿನಲ್ಲಿ 7000 ಲೀಟರ್ ಇರುತ್ತದೆ. ಸಣ್ಣ ಬಿ ಟೈಪಿನಲ್ಲಿ 1500. ರೋಗಿಗೆ ನಿಮಿಷಕ್ಕೆ 5 ಲೀಟರ್ ಬೇಕಾದರೆ ಸಣ್ಣದು ಐದೇ ಗಂಟೆ. ಜಂಬೋ ಒಂದು ದಿನಕ್ಕೂ ಸ್ವಲ್ಪ ಕಡಿಮೆ. ಮನೆಯಲ್ಲಿ ಒಂದು ಸಣ್ಣ ಸಿಲಿಂಡರ್ ಇದೆ ಅಂತ ಧೈರ್ಯವಾಗಿ ಮಲಗಿದರೆ ಬೆಳಗಿನ ಜಾವಕ್ಕೆ ಖಾಲಿ. ಗಾಳಿಯಿಂದ ಆಕ್ಸಿಜನ್ ತೆಗೆಯುವ ಕಾನ್ಸಂಟ್ರೇಟರ್ ಮೆಶಿನ್ ಇದ್ದರೆ ಕರೆಂಟ್ ಬೇಕು. ನಮ್ಮ ಮಳೆಗಾಲ ನಿಮಗೆ ಗೊತ್ತು, ಒಂದು ಮರ ಬಿದ್ದರೆ ಅರ್ಧ ದಿನ ಕರೆಂಟ್ ಇಲ್ಲ. ಅದಕ್ಕೆ ಯಾರ ಮನೆಯಲ್ಲಿ ಕಾನ್ಸಂಟ್ರೇಟರ್ ಇದೆಯೋ ಅಲ್ಲಿ ಒಂದು ಸಿಲಿಂಡರೂ ಇರಬೇಕು.

ಮತ್ತೆ ಕೀ. ನಮ್ಮ ಕಡೆ ಒಂದು ಮನೆಗೆ ತುಂಬಿದ ಸಿಲಿಂಡರ್ ಬಂತು, ಮೀಟರೂ ಬಂತು, ವಾಲ್ವ್ ತಿರುಗಿಸುವ ಕೀ ಬರಲಿಲ್ಲ. ರಾತ್ರಿ ಹನ್ನೊಂದೂವರೆಗೆ ನನಗೆ ಫೋನ್. ಬೈಕಿನಲ್ಲಿ ಹೋಗಿ ತೆರೆದುಕೊಟ್ಟೆ. ಆ ಹುಡುಗ ಇಕ್ಕಳ ಹಿಡಿದು ಅರ್ಧ ಗಂಟೆ ತಿರುಗಿಸಿ ಅಂಗೈ ಕಿತ್ತುಕೊಂಡಿದ್ದ, ಒಳಗೆ ಅಪ್ಪ ಏದುಸಿರು ಬಿಡುತ್ತಿದ್ದರು. ಕೀಗೆ ಹೆಚ್ಚೆಂದರೆ ನೂರೋ ಇನ್ನೂರೋ ರೂಪಾಯಿ. ಪ್ರತಿ ವಾರ್ಡಿನಲ್ಲಿ ಎರಡು ಕೀ ಇಡಿ, ಯಾರ ಮನೆಯಲ್ಲಿ ಅಂತ ಬರೆದಿಡಿ. ಎಣ್ಣೆ ಕೈಯಲ್ಲಿ ವಾಲ್ವ್ ಮುಟ್ಟಬಾರದು, ಗ್ರೀಸ್ ಹಚ್ಚಬಾರದು, ಬೆಂಕಿ ಹತ್ತುತ್ತದೆ. ಮೈ ಕಪ್ಪು, ಭುಜ ಬಿಳಿ ಇದ್ದರೆ ಆಸ್ಪತ್ರೆಯದ್ದು. ನಮ್ಮಂಥವರ ಇಂಡಸ್ಟ್ರಿ ಸಿಲಿಂಡರನ್ನು ಹಾಗೇ ರೋಗಿಗೆ ಕೊಡುವಂತಿಲ್ಲ, ಒಳಗೆ ಸ್ವಚ್ಛ ಮಾಡಿ, ಪರೀಕ್ಷೆ ಮಾಡಿ ತುಂಬಿಸಬೇಕು, ಅದಕ್ಕೆ ದಿನ ಹಿಡಿಯುತ್ತದೆ. ಅದಕ್ಕೇ ಯಾರ ಹತ್ತಿರ ಎಷ್ಟು ಇದೆ ಅನ್ನುವುದು ಮೊದಲೇ ಗೊತ್ತಿರಬೇಕು. ನನ್ನ ನಾಲ್ಕು ಈಗಲೂ ಇವೆ. ಪಟ್ಟಿ ಮಾಡುವವರಿದ್ದರೆ ಮೊದಲ ಹೆಸರು ನನ್ನದು ಬರೆದುಕೊಳ್ಳಿ.


ಪೆರ್ಲ ಪಾಲಿಯೇಟಿವ್:

ಎಣ್ಮಕಜೆ ಕಡೆ ಮನೆಗೆ ಹೋಗಿ ಶುಶ್ರೂಷೆ ಮಾಡುವ ನರ್ಸ್ ನಾನು. ಗೇರು ತೋಟದ ಮೇಲೆ ವರ್ಷಗಟ್ಟಲೆ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಊರು ನಮ್ಮದು. ಇಪ್ಪತ್ತು, ಮೂವತ್ತು ವರ್ಷದ ಮಕ್ಕಳು ಹಾಸಿಗೆಯಲ್ಲೇ ಇದ್ದಾರೆ. ಮಕ್ಕಳು ಅನ್ನುತ್ತೇನೆ, ತಾಯಂದಿರಿಗೆ ಅವರು ಇನ್ನೂ ಮಕ್ಕಳೇ.

ಯೋಜನೆ ಬರೆಯುವವರು ರೋಗಿಗೆ ಜ್ವರ ಬಂದರೆ ಏನು ಅಂತ ಬರೆಯುತ್ತಾರೆ. ತಾಯಿಗೆ ಬಂದರೆ ಏನು? ಒಬ್ಬ ಹುಡುಗನಿಗೆ ಗಂಜಿ ತಿನ್ನಿಸಲು ಅವನ ಅಮ್ಮನಿಗೆ ಮಾತ್ರ ಗೊತ್ತು. ತಲೆಯನ್ನು ಎಡಗೈಯ ಮೇಲೆ ಒಂದು ರೀತಿ ವಾಲಿಸಿ, ಚಮಚದ ತುದಿಯಿಂದ ಕೆನ್ನೆಯ ಒಳಗೆ ಬಿಡಬೇಕು, ಇಲ್ಲದಿದ್ದರೆ ಉಸಿರಿಗೆ ಹೋಗುತ್ತದೆ. ಆ ಅಮ್ಮನಿಗೆ ಪಾಸಿಟಿವ್ ಬಂತು. ಆಸ್ಪತ್ರೆಗೆ ಬನ್ನಿ ಅಂದರು. ಅವರು ಹೋಗಲಿಲ್ಲ, ಎರಡು ಮಾಸ್ಕ್ ಹಾಕಿಕೊಂಡು ಅವನಿಗೆ ತಿನ್ನಿಸುತ್ತಲೇ ಇದ್ದರು. ಅವರದ್ದು ತಪ್ಪು ಅಂತ ನಾನು ಹೇಳಲಾರೆ.

ಅದಕ್ಕೆ ಹಾಸಿಗೆ ಹಿಡಿದವರು ಇರುವ ಪ್ರತಿ ಮನೆಗೆ ಎರಡನೇ ಕೈ ಒಂದು ಬೇಕು. ನೆರೆಮನೆಯವರೋ ಚಿಕ್ಕಮ್ಮನೋ, ಯಾರೋ ಒಬ್ಬರು ಈಗಲೇ ಬಂದು ತಿನ್ನಿಸುವುದು, ಮಗ್ಗುಲು ತಿರುಗಿಸುವುದು ಕಲಿಯಬೇಕು. ನಾವು ಹೇಳಿಕೊಡುತ್ತೇವೆ. ಫಿಟ್ಸ್ ಮದ್ದು ಒಂದು ತಿಂಗಳಿನಷ್ಟು ಜಾಸ್ತಿ ಮನೆಯಲ್ಲಿ ಇರಬೇಕು, ಅದು ಒಂದು ದಿನವೂ ತಪ್ಪಬಾರದು. ನಗರದ ವಾರ್ಡಿನಲ್ಲೂ ಇಂಥ ಮನೆಗಳು ಇದ್ದೇ ಇರುತ್ತವೆ ಟೀಚರೇ, ಪಾರ್ಶ್ವವಾಯು ಆದವರು, ವಯಸ್ಸಾದ ಇಬ್ಬರೇ ಇರುವವರು. ಹುಡುಕಿ.


ಕೊಡಿಯಾಲದಿಂದ:

ನಾನು ಮಂಗಳೂರಿನಲ್ಲಿ ಆಸ್ಪತ್ರೆಯೊಂದರ ಕೌಂಟರಿನಲ್ಲಿ ಕೆಲಸ ಮಾಡುತ್ತೇನೆ, ಊರು ಕುಂಬಳೆ. ಮಂಗಳೂರನ್ನು ಬಿಟ್ಟು ಯೋಜನೆ ಮಾಡಿ ಅನ್ನುವ ಧಾಟಿ ಇಲ್ಲಿ ಕಾಣುತ್ತಿದೆ. ಅದು ಸರಿ ಅಲ್ಲ ಅಂತ ನನಗೆ ಅನ್ನಿಸುತ್ತದೆ. ನಮ್ಮ ಜಿಲ್ಲೆಯ ಉಕ್ಕಿನಡ್ಕದ ಮೆಡಿಕಲ್ ಕಾಲೇಜು ನೋಡಿ. 2013ರಲ್ಲಿ ಕಲ್ಲು ಹಾಕಿದ್ದು, 2020ರ ಏಪ್ರಿಲ್ 6ಕ್ಕೆ ನಾಲ್ಕೇ ದಿನದಲ್ಲಿ ಕೋವಿಡ್ ಆಸ್ಪತ್ರೆ ಮಾಡಿ ತೆರೆದರು, ತಿರುವನಂತಪುರದಿಂದ ಡಾಕ್ಟರ್‌ಗಳು, ನರ್ಸ್‌ಗಳು ಬಂದರು. ಅದು ನಿಜವಾಗಿ ದೊಡ್ಡ ಕೆಲಸ. ತೆಕ್ಕಿಲಿನಲ್ಲಿ ಟಾಟಾದವರು ಕಟ್ಟಿಕೊಟ್ಟ ಕಂಟೈನರ್ ಆಸ್ಪತ್ರೆ ಸೆಪ್ಟೆಂಬರ್ 9ಕ್ಕೆ ಉದ್ಘಾಟನೆ ಆಯಿತು, ರೋಗಿಗಳನ್ನು ಸೇರಿಸಿಕೊಳ್ಳಲು ಅಕ್ಟೋಬರ್ ಕೊನೆ ಆಯಿತು. ಹಾಸಿಗೆ ಹಾಕಿದ ಮಾತ್ರಕ್ಕೆ ಆಸ್ಪತ್ರೆ ಆಗುವುದಿಲ್ಲ, ಜನ ಬೇಕು.

ಜನರ ವಿಷಯಕ್ಕೆ ಬಂದರೆ, ಮಂಗಳೂರಿನ ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ನರ್ಸ್, ಲ್ಯಾಬಿನವರು, ಸ್ವಚ್ಛತೆಯವರು ಎಷ್ಟು ಜನ ಮಂಜೇಶ್ವರ, ಕುಂಬಳೆಯಿಂದ ದಿನಾ ಬರುತ್ತೇವೆ! 2021ರ ಆಗಸ್ಟಿನಲ್ಲಿ ಗಡಿ ದಾಟಲು 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ವರದಿ ಬೇಕು ಅಂದಾಗ ನಾನು ಮೂಗಿಗೆ ಎಷ್ಟು ಸಲ ಕಡ್ಡಿ ಹಾಕಿಸಿಕೊಂಡೆನೋ ಲೆಕ್ಕ ಇಲ್ಲ. ಗಡಿ ಮುಚ್ಚಿದರೆ ಆಚೆಯವರಿಗೂ ನಷ್ಟ. ನಿಮ್ಮ ಪಟ್ಟಿಯಲ್ಲಿ ರೋಗಿಗಳ ಜೊತೆ ಆಚೆ ಕೆಲಸಕ್ಕೆ ಹೋಗುವ ಆಸ್ಪತ್ರೆ ಸಿಬ್ಬಂದಿಯ ಸಂಖ್ಯೆಯನ್ನೂ ಸೇರಿಸಿ. ಕುಂಬಳೆಯ ಹಿರಿಯರು ಹೇಳಿದ ಹಾಗೆ ಮೇಜಿನ ಮೇಲೆ ಅದನ್ನು ಇಟ್ಟರೆ ಮಾತು ಬೇರೆ ಆಗುತ್ತದೆ.


ಉಪ್ಪಳ ಆಂಬುಲೆನ್ಸ್:

ಒಪ್ಪಿದೆ ಅಣ್ಣ. ನಾನು ಮಂಗಳೂರು ಬೇಡ ಅನ್ನಲಿಲ್ಲ, ಅದೊಂದೇ ಸಾಲದು ಅಂದೆ. ನಿಮ್ಮ ಸಿಬ್ಬಂದಿಯ ಮಾತು ನನಗೆ ಹೊಳೆದಿರಲಿಲ್ಲ.

ಭಾಷೆ ಬಗ್ಗೆ ಒಂದು ಸೇರಿಸುತ್ತೇನೆ. ಓದುವವರಿಗೆ ಕಾಗದ ಸರಿ. ನಮ್ಮಲ್ಲಿ ತುಳು, ಬ್ಯಾರಿ, ಕೊಂಕಣಿ, ಉಪ್ಪಳದಲ್ಲಿ ಉರ್ದು ಮನೆಗಳೂ ಉಂಟು. ಆಟೋಗೆ ಮೈಕ್ ಕಟ್ಟಿ ಮಲಯಾಳದಲ್ಲಿ ಮಾತ್ರ ಹೇಳಿಕೊಂಡು ಹೋದರೆ ಅರ್ಧ ಜನ ಚುನಾವಣೆಯೋ ಏನೋ ಅಂದುಕೊಳ್ಳುತ್ತಾರೆ. ಪ್ರತಿ ಭಾಷೆಯಲ್ಲಿ ಒಂದು ನಿಮಿಷದ ವಾಯ್ಸ್ ಮೆಸೇಜ್ ಸಾಕು, ಊರಿಗೆ ಗೊತ್ತಿರುವವರ ದನಿಯಲ್ಲಿ. ಮಸೀದಿಯವರು, ದೇವಸ್ಥಾನದವರು, ಇಗರ್ಜಿಯವರು ಫಾರ್ವರ್ಡ್ ಮಾಡುತ್ತಾರೆ. ಆಗ ಹಾಗೇ ಮಾಡಿದ್ದು ಕೆಲಸಕ್ಕೆ ಬಂತು.


ಅಣಂಗೂರು ಟೀಚರ್:

ಇಷ್ಟು ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ಎಲ್ಲವನ್ನೂ ಎರಡು ಸಲ ಓದಿದೆ. ಪೆರ್ಲದ ಅಕ್ಕ ಬರೆದದ್ದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಮ್ಮ ವಾರ್ಡಿನಲ್ಲೂ ಅಂಥ ಎರಡು ಮನೆ ನನಗೇ ಗೊತ್ತಿದೆ, ಆದರೆ ಎರಡನೇ ಕೈ ಯಾರದ್ದು ಅಂತ ನಾನು ಯಾವತ್ತೂ ಕೇಳಿರಲಿಲ್ಲ. ಶನಿವಾರ ಹೋಗುತ್ತೇನೆ.

ಕುಂಬಳೆಯ ಹಿರಿಯರು ಹೇಳಿದ ಹಳೆಯ ಯೋಜನೆಯ ಪ್ರತಿ ಸೋಮವಾರ ಕೇಳುತ್ತೇನೆ. ಚೆರ್ಕಳದ ಅಣ್ಣ, ನಿಮ್ಮ ನಾಲ್ಕು ಸಿಲಿಂಡರ್ ನಮ್ಮ ವಾರ್ಡಿಗೆ ಬರುವುದಿಲ್ಲವಾದರೂ ಪಟ್ಟಿಯ ಮೊದಲ ಸಾಲಿನಲ್ಲಿ ಹಾಕಿದ್ದೇನೆ, ನಮ್ಮ ಕಡೆಯ ವರ್ಕ್‌ಶಾಪಿನವರಿಗೆ ತೋರಿಸಲು. ಕೀ ಎರಡು ನಾಳೆಯೇ ತರುತ್ತೇನೆ. ಒಂದು ನಮ್ಮ ಮನೆಯಲ್ಲಿ, ಇನ್ನೊಂದು ಅಂಗನವಾಡಿಯಲ್ಲಿ. ಪುತ್ತಿಗೆಯ ಅಕ್ಕ, ನಿಮ್ಮ ಪುಸ್ತಕದ ಕಾಲಂಗಳನ್ನು, ಆ ಒಂದನ್ನು ಬಿಟ್ಟು, ಇಲ್ಲಿ ಬರೆದು ಹಾಕಲು ಆಗುತ್ತದಾ? ನಮ್ಮ ಆಶಾ ಹೊಸಬರು.

ನಿನ್ನೆ ರಾತ್ರಿ ಮೊದಲ ಪುಟದ ಕರಡು ಬರೆದೆ. ಬೆಳಿಗ್ಗೆ ಪಕ್ಕದ ಮನೆಯ ಅಜ್ಜಿಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕೂತು ಬೆರಳಿಟ್ಟು ಓದಿದರು. ಎರಡನೇ ಸಾಲಿನಲ್ಲೇ ನಿಂತರು. ‘ಸೋಂಕಿತರು ಹದಿನಾಲ್ಕು ದಿನ ಗೃಹ ಪ್ರತ್ಯೇಕವಾಸದಲ್ಲಿ ಇರತಕ್ಕದ್ದು’ ಅಂತ ಬರೆದಿದ್ದೆ. “ಇದು ಯಾರಿಗೆ ಬರೆದದ್ದು?” ಅಂತ ಕೇಳಿದರು. “ನಿಮಗೇ ಅಜ್ಜಿ,” ಅಂದೆ. “ಹಾಗಾದರೆ ನನಗೆ ಹೇಳುವ ಹಾಗೆ ಬರಿ,” ಅಂದರು. ಅಲ್ಲೇ ಕೂತು ಅದನ್ನು ಹೊಡೆದುಹಾಕಿ ಬರೆದೆ: ಜ್ವರ ಇದ್ದವರು ಒಂದೇ ಕೋಣೆಯಲ್ಲಿ ಇರಿ. ಊಟ ಬಾಗಿಲ ಹತ್ತಿರ ಇಡಲಿ. ಅಕ್ಕಿ, ಮದ್ದು, ಹಾಲು ಬೇಕಾದರೆ ಈ ನಂಬರಿಗೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಈಗ ಆ ನಂಬರು ಯಾರದ್ದು ಅನ್ನುವುದು ಗೊತ್ತಾಗಬೇಕು. ಕನ್ನಡ ಬರುವವರು ಇಬ್ಬರು ಬೇಕು, ಹಗಲಿಗೆ ಒಬ್ಬರು, ರಾತ್ರಿಗೆ ಒಬ್ಬರು. ರಾತ್ರಿಯದ್ದು ನಾನು ತೆಗೆದುಕೊಳ್ಳುತ್ತೇನೆ. ಅಣಂಗೂರು, ನುಳ್ಳಿಪ್ಪಾಡಿ ಕಡೆಯವರು ಯಾರಾದರೂ ಹಗಲಿಗೆ ಆಗುತ್ತೀರಾ?